ಜಿಂಕೆ ಉಳೀತು, ಲಂಟಾನ ಹೋಯ್ತು

ಮಾರ್ಚಲ್ಲಿ ಬಂಡೀಪುರಕ್ಕೆ ಹೋಗಿ ಬಂದ ಮೇಲೆ ಗೆಳೆಯ ಒಬ್ಬ ಇನ್‌ಸ್ಟಾಗ್ರಾಮಲ್ಲಿ ಒಂದು ಜಿಂಕೆ ಫೋಟೋ ಹಾಕಿದ್ದ. ಚೆನ್ನಾಗಿದೆ ಅಂತ ಲೈಕ್ ಒತ್ತಿ ಮುಂದಕ್ಕೆ ಹೋದೆ. ಆಮೇಲೆ ಒಂದ್ಸಲ ಫೋನಲ್ಲಿ ಮಾತಾಡ್ತಾ "ಅದು ನಿನ್ ಪಕ್ಕ ಕೂತೇ ತೆಗ್ದಿದ್ದು ಕಣೋ, ಕೊಂಬಿಂದ ಚರ್ಮ ನೇತಾಡ್ತಿತ್ತಲ್ಲ, ಅದೇ ಗಂಡು" ಅಂದ. ವಾಪಸ್ ಹೋಗಿ ನೋಡಿದೆ, ಊಹೂಂ, ಗುರುತೇ ಹತ್ತಲಿಲ್ಲ. ಅದೇ ಜೀಪು, ಅದೇ ಪ್ರಾಣಿ, ನನ್ನ ಕಾರ್ಡಲ್ಲೂ ಅದರದ್ದೇ ಎಷ್ಟೋ ಫ್ರೇಮ್ ಇವೆ, ಆದ್ರೂ ಅವನ ಫೋಟೋದಲ್ಲಿರೋದು ಬೇರೆ ಯಾವ್ದೋ ಜಿಂಕೆ ಅಂತಾನೇ ಅನ್ನಿಸ್ತು. ನನ್ನ ಫೈಲ್ ತೆಗೆದು ಪಕ್ಕದಲ್ಲಿಟ್ಟು ನೋಡಿದಾಗ ಒಂದೊಂದಾಗಿ ಗೊತ್ತಾಯ್ತು. ನೇತಾಡ್ತಿದ್ದ ಚರ್ಮ ಇಲ್ಲ. ಹರಿದ ಕಿವಿ ನೆಟ್ಟಗಾಗಿದೆ. ಹಿಂದೆ ಅರ್ಧ ಕಾಣ್ತಿದ್ದ ಹೆಣ್ಣು ಮಾಯ. ಬೆನ್ನ ಹಿಂದಿನ ಲಂಟಾನ (ಹೊರಗಿಂದ ಬಂದು ಕಾಡು ತುಂಬ ಹಬ್ಬಿರೋ ಕಳೆ ಗಿಡ) ಪೊದೆ ಇದ್ದ ಜಾಗದಲ್ಲಿ ನುಣ್ಣನೆ ಹಸಿರು ಮಂಜಿನ ಥರ ಏನೋ ಇದೆ. ಒಣಗಿ ಕಂದು ತಿರುಗಿದ್ದ ಹುಲ್ಲು ಹಸಿರಾಗಿದೆ, ಅಂದ್ರೆ ಮಾರ್ಚ್ ತಿಂಗಳು ಹೋಗಿ ಆಗಸ್ಟ್ ಬಂದಿದೆ.

ಎಡಿಟಿಂಗ್ ಸರಿಯೋ ತಪ್ಪೋ ಅನ್ನೋ ಜಗಳ ನನಗೆ ಬೇಡ, ಅದು ಹಳೇದು, ಬೋರು. ಫಿಲ್ಮ್ ಕಾಲದಲ್ಲೂ ಡಾರ್ಕ್‌ರೂಮಲ್ಲಿ ಕೈ ಅಡ್ಡ ಇಟ್ಟು ಒಂದು ಕಡೆ ಬೆಳಕು ಕಮ್ಮಿ, ಇನ್ನೊಂದು ಕಡೆ ಜಾಸ್ತಿ ಮಾಡ್ತಿದ್ರು. ಸಂಡೂರಿನ ಎಂ.ವೈ. ಘೋರ್ಪಡೆಯವರು ತೆಗೆದ ಕಾಡಿನ ಕಪ್ಪು-ಬಿಳುಪು ಚಿತ್ರಗಳನ್ನ ಯಾರೂ ಸುಳ್ಳು ಅನ್ನಲ್ಲ, ಕಾಡು ಕಪ್ಪು-ಬಿಳುಪಾಗಿಲ್ಲದಿದ್ರೂ. ನನ್ನ ತಲೇಲಿ ಕೊರೀತಾ ಇರೋದು ಬೇರೆ. ಅವನು ಅಳಿಸಿದ್ದರ ಪಟ್ಟಿ ನೋಡಿದ್ರೆ, ಆ ಸಂಜೆ ನಾನು ನೋಡಿದೆ ಅಂತ ಯಾರಿಗಾದ್ರೂ ಹೇಳ್ಬಹುದಾದದ್ದೆಲ್ಲ ಅದರಲ್ಲೇ ಇತ್ತು.

ಆ ಸಂಜೆ

ಸಫಾರಿಗೆ ಹೋದವರಿಗೆ ಹೇಳೋದೇ ಬೇಡ, ಜೀಪಲ್ಲಿ ಜಿಂಕೆಗೆ ಮರ್ಯಾದೆ ಮೊದಲ ಹತ್ತು ನಿಮಿಷ ಮಾತ್ರ. ಮೊದಲನೇ ಜಿಂಕೆಗೆ ಎಲ್ಲಾರೂ ಎದ್ದು ನಿಂತು ಫೋಟೋ ತೆಗೀತಾರೆ, ಆಮೇಲೆ "ಬರೀ ಜಿಂಕೆ, ನಡೀರಿ" ಅಂತ ಶುರು. ಅವತ್ತೂ ಹಂಗೇ. ಡ್ರೈವರ್ ತಾವಾಗೇ ಗಾಡಿ ನಿಲ್ಲಿಸಿ "ಸಾರ್, ಕೊಂಬಿನ ತೊಗಲು ಕಳಚ್ತಾ ಇದೆ ನೋಡಿ, ಇದು ದಿನಾ ಸಿಗಲ್ಲ" ಅಂದ್ರು. ಹಿಂದಿನ ಸೀಟಿಂದ "ಅಣ್ಣಾ, ಹುಲಿ ಯಾವ ಕಡೆ ಹೋಗಿದ್ಯಂತೆ?" ಅಂತ ಪ್ರಶ್ನೆ. ಡ್ರೈವರ್ ಅದಕ್ಕೆ ಉತ್ತರಾನೇ ಕೊಡಲಿಲ್ಲ, ಎಂಜಿನ್ ಆಫ್ ಮಾಡಿಬಿಟ್ರು. ಒಳ್ಳೇ ಕೆಲಸ ಮಾಡಿದ್ರು.

ಜಿಂಕೆ ಕೊಂಬು ಪ್ರತಿ ಸಲ ಉದುರಿ ಹೊಸದಾಗಿ ಬೆಳೆಯೋದು ನಿಮಗೆ ಗೊತ್ತಿರುತ್ತೆ. ಬೆಳೆಯೋವಾಗ ಮೇಲೊಂದು ಮೆತ್ತನೆ ರೋಮದ ಚರ್ಮ ಇರುತ್ತೆ, ಒಳಗೆಲ್ಲ ರಕ್ತ ಓಡ್ತಾ ಇರುತ್ತೆ, ಮುಟ್ಟಿದ್ರೆ ಬೆಚ್ಚಗೆ ಇರೋವಂಥ ಜೀವಂತ ಮೂಳೆ ಅದು. ಬೆಳೆದು ಗಟ್ಟಿಯಾದ ಮೇಲೆ ರಕ್ತ ನಿಂತು ಚರ್ಮ ಒಣಗಿ ಸುಲಿಯೋಕೆ ಶುರುವಾಗುತ್ತೆ, ಜಿಂಕೆ ಗಿಡಕ್ಕೆ ಮರಕ್ಕೆ ತಿಕ್ಕಿ ತಿಕ್ಕಿ ಕಿತ್ತು ಹಾಕುತ್ತೆ. ಬೇಗ ಮುಗಿದು ಹೋಗೋ ಕೆಲಸ, ಅದಕ್ಕೇ ಕಣ್ಣಿಗೆ ಬೀಳೋದು ಅಪರೂಪ. ನಾವು ನೋಡಿದಾಗ ಎಡಗೊಂಬು ಆಗಲೇ ಬೆತ್ತಲಾಗಿತ್ತು, ಬಿಳೀ ಅಲ್ಲ, ರಕ್ತ ಮೆತ್ತಿದ ಕೆಂಪು. ಬಲಗೊಂಬಿಂದ ಉದ್ದಕ್ಕೆ ಒಂದು ಪಟ್ಟಿ ಕಣ್ಣಿನ ತನಕ ಇಳಿಬಿದ್ದಿತ್ತು, ತಲೆ ಆಡಿಸಿದಾಗೆಲ್ಲ ಮೂತಿಗೆ ಬಡೀತಿತ್ತು, ಅದಕ್ಕೆ ಸಿಟ್ಟು ಬಂದು ಮತ್ತೆ ಒಂದು ಸಣ್ಣ ಗಿಡದ ಮೇಲೆ ಹೋಗೋದು. ಗಿಡ ಪೂರ್ತಿ ಸುಲಿದು ಹೋಗಿತ್ತು. ಹೆಣ್ಣುಗಳು ಇದಕ್ಕೂ ತಮಗೂ ಸಂಬಂಧ ಇಲ್ಲ ಅನ್ನೋ ಹಾಗೆ ಉದುರಿದ ಎಲೆ ಮೇಯ್ತಿದ್ವು, ಒಂದು ಮರಿ ಮಾತ್ರ ಗಂಡಿನ ಹತ್ರಾನೇ ನಿಂತು ನೋಡ್ತಿತ್ತು. ಮೇಲೆ ಮರದಲ್ಲಿ ಮುಸುವಗಳು ತಿಂದು ಬಿಸಾಕ್ತಿದ್ದ ಚಿಗುರು ಕೆಳಗೆ ಬೀಳ್ತಿತ್ತು, ಜಿಂಕೆಗಳು ಆ ಮರ ಬಿಟ್ಟು ಕದಲ್ತಾ ಇರ್ಲಿಲ್ಲ ಯಾಕೆ ಅಂದ್ರೆ ಅದಕ್ಕೆ, ಜೊತೆಗೆ ಮೇಲಿಂದ ಮುಸುವ ಕಾವಲು, ಕೆಳಗಿಂದ ಜಿಂಕೆ ಮೂಗು, ಇಬ್ರಿಗೂ ಲಾಭ.

ಇಷ್ಟೂ ನಡೆದದ್ದು ಜೀಪ್ ದಾರಿಯಿಂದ ಸ್ವಲ್ಪ ಆಚೆಗಿದ್ದ ಒಂದು ಪುಟ್ಟ ಬಯಲಲ್ಲಿ. ಬಯಲು ಅಂದ್ರೆ ಅಷ್ಟೇ ಜಾಗ, ಅದರ ಸುತ್ತ ಎದೆಮಟ್ಟ ಲಂಟಾನ. ದಾರಿ ಪಕ್ಕ ಇಲಾಖೆಯವರು ಕಾಡ್ಗಿಚ್ಚು ದಾಟದ ಹಾಗೆ ಬೆಂಕಿ ರೇಖೆಗೆ ಅಂತ ಸವರಿದ್ದ ಪಟ್ಟಿ ಬಿಟ್ರೆ ಹುಲ್ಲು ಕಾಣ್ತಾ ಇದ್ದದ್ದು ಅಲ್ಲೊಂದೇ ಕಡೆ. ಗೆಳೆಯನ ಫೋಟೋ ನೋಡಿದವರಿಗೆ ಅನ್ನಿಸೋದು ಏನು? ಹಸಿರು ಕಾಡು, ಆರೋಗ್ಯವಾದ ಗಂಡು, ಚಿನ್ನದಂಥ ಬೆಳಕು, ಎಲ್ಲ ಸುಖವಾಗಿದೆ.

"ಯಾಕೋ ಪೊದೆ ತೆಗ್ದೆ?" ಅಂತ ಕೇಳ್ದೆ. "ಗಲೀಜು ಕಾಣ್ತಿತ್ತು ಮಗಾ" ಅಂದ. ಅವನ ಮೇಲೆ ನನಗೇನೂ ಕೋಪ ಇಲ್ಲ, ಈಗ ಬ್ರಷ್ ಹಿಡಿದು ಗಂಟೆಗಟ್ಟಲೆ ಕೂರೋ ಕೆಲಸಾನೂ ಅಲ್ಲ ಅದು, ಸುತ್ತ ಒಂದು ಗೆರೆ ಎಳೆದು ರಿಮೂವ್ ಒತ್ತಿದ್ರೆ ಮುಗೀತು, ಕಾಫಿ ಕುಡಿದು ಮುಗಿಸೋದ್ರೊಳಗೆ ಕಾಡು ಕ್ಲೀನ್. ಮೊದಲಾದ್ರೆ ಕಷ್ಟ ಇತ್ತು, ಕಷ್ಟ ಇದ್ದಿದ್ರಿಂದ ಇದು ಬೇಕಾ ಅಂತ ಒಂದ್ಸಲ ಯೋಚನೆ ಮಾಡ್ತಿದ್ರು.

ಬಣ್ಣದ ವಿಷಯ

ನಾನು ಏನೂ ಮುಟ್ಟದೆ ಹಾಗೇ ಹಾಕ್ತೀನಿ ಅಂತಲ್ಲ. ರಾ ಫೈಲ್, ಅಂದ್ರೆ ಕ್ಯಾಮೆರಾ ಇನ್ನೂ ಸಂಸ್ಕರಿಸದೆ ಕೊಡೋ ಕಚ್ಚಾ ಫೈಲು, ಅನ್ನೋದೇ ಅರ್ಧ ಬೆಂದ ಅನ್ನ, ಏನೂ ಮಾಡದೆ ಹಾಕಿದ್ರೆ ಅದೂ ನಿಜ ಅಲ್ಲ. ಕಾಡಲ್ಲಿ ಮರದ ಕೆಳಗೆ ನಿಂತ ಜಿಂಕೆ ಮೇಲೆ ಎಲೆಗಳಿಂದ ಬಿದ್ದ ಹಸಿರು ಬೆಳಕು ಇರುತ್ತೆ, ನಮ್ಮ ಕಣ್ಣು ಅದನ್ನ ತಾನೇ ಸರಿ ಮಾಡ್ಕೊಂಡು ಬಿಡುತ್ತೆ, ಕ್ಯಾಮೆರಾ ಮಾಡ್ಕೊಳಲ್ಲ, ಅದಕ್ಕೆ ಪರದೆ ಮೇಲೆ ಪ್ರಾಣಿ ಕಾಯಿಲೆ ಬಿದ್ದ ಹಾಗೆ ಕಾಣುತ್ತೆ. ಚುಕ್ಕೆ ಜಿಂಕೆ ವಿಷಯದಲ್ಲಿ ಒಂದು ಅನುಕೂಲ ಇದೆ, ಅದರ ಗಂಟಲ ಹತ್ರ ಬೆಳ್ಳಗಿನ ಪಟ್ಟೆ ಇದೆ, ಹೊಟ್ಟೆ ಕೆಳಗೂ ಬಿಳೀನೇ. ವೈಟ್ ಬ್ಯಾಲೆನ್ಸ್ ಡ್ರಾಪರ್ (ಇದೇ ಬಿಳಿ ಅಂತ ತೋರಿಸಿ ಬಣ್ಣ ಸರಿ ಮಾಡಿಸೋ ಟೂಲು) ಅಲ್ಲಿ ಇಟ್ಟು ಒಂದ್ಸಲ ಒತ್ತಿ, ಆಮೇಲೆ ಅರ್ಧ ವಾಪಸ್ ಎಳೀರಿ, ಯಾಕಂದ್ರೆ ಸಂಜೆ ಬಿಳಿ ಅಷ್ಟು ಬಿಳಿಯಾಗಿ ಇರಲ್ಲ. ಇದು ನನ್ನ ಲೆಕ್ಕ, ಶಾಸ್ತ್ರ ಅಲ್ಲ.

ಜನ ಜಾಸ್ತಿ ಕೆಡಿಸೋದು ಆರೆಂಜ್ ಸ್ಲೈಡರಲ್ಲಿ. ಜಿಂಕೆ ಮೈ ಕೆಂಗಂದು, ಬೆನ್ನ ಮೇಲೆ ಕಪ್ಪು ಗೆರೆ, ವಯಸ್ಸಾದ ಗಂಡುಗಳಂತೂ ಕುತ್ತಿಗೆ ಹತ್ರ ಸಾಕಷ್ಟು ಕಪ್ಪಿರುತ್ತವೆ. ಸ್ಯಾಚುರೇಷನ್, ಅಂದ್ರೆ ಬಣ್ಣದ ಗಾಢತೆ, ಜಾಸ್ತಿ ಎಳೆದ್ರೆ ಎಲ್ಲಾ ವಯಸ್ಸಿನ ಜಿಂಕೆಗಳೂ ಒಂದೇ ಕಿತ್ತಳೆ ಬಣ್ಣಕ್ಕೆ ಬರ್ತವೆ, ಚುಕ್ಕೆಗಳು ಉರಿದು ಬರೀ ಬಿಳೀ ತೂತಾಗ್ತವೆ. (ತಮಾಷೆ ಅಂದ್ರೆ ಇನ್ನೊಂದು ಜಿಂಕೆಗೆ ಈ ಫೋಟೋ ತೋರಿಸಿದ್ರೆ ನಾವು ಪಟ್ಟ ಪಾಡೆಲ್ಲ ವ್ಯರ್ಥ. ಅವುಗಳ ಕಣ್ಣಿಗೆ ಕೆಂಪು ಹಸಿರು ಬೇರೆ ಬೇರೆ ಕಾಣಲ್ಲ, ಅಷ್ಟು ದೊಡ್ಡ ಕೇಸರಿ ಹುಲಿ ಪೊದೆಯೊಳಗೆ ಕೂತು ಬಚಾವ್ ಆಗೋದು ಹಂಗೇ.) ಇನ್ನು ನಾಯ್ಸ್ (ಕಮ್ಮಿ ಬೆಳಕಲ್ಲಿ ತೆಗೆದಾಗ ಫೋಟೋ ಮೇಲೆ ಬರೋ ಕಾಳು ಕಾಳು) ತೆಗೆಯೋ ಎಐ ಬಂದ ಮೇಲೆ ಮುಂಜಾನೆ ಮಬ್ಬಲ್ಲಿ 6400ರಷ್ಟು ಜಾಸ್ತಿ ಐಎಸ್‌ಓದಲ್ಲಿ ತೆಗೆದದ್ದೂ ಬಳಸೋ ಹಾಗಾಯ್ತು, ಅದಕ್ಕೆ ಕೈ ಮುಗೀಬೇಕು, ಆದ್ರೆ ಜಾಸ್ತಿ ಹಾಕಿದ್ರೆ ಮೈಕೂದಲು ಹೋಗಿ ಪ್ಲಾಸ್ಟಿಕ್ ಬರುತ್ತೆ. ಮಬ್ಬು ತೆಗೆಯೋ ಡೀಹೇಜ್ ಬಗ್ಗೆ ನನಗೆ ಇನ್ನೂ ಅನುಮಾನ. ಬೇಸಿಗೆ ಸಂಜೆ ಕಾಡಲ್ಲಿ ಧೂಳು ಇರುತ್ತೆ, ಜಿಂಕೆ ಹಿಂಡು ಓಡಿದಾಗ ಏಳೋದು ಧೂಳೇ, ಅದನ್ನ ತೆಗೆದು ಏನು ತೋರಿಸ್ತೀವಿ.

ಇನ್ನು ಅಪ್‌ಲೋಡ್. ಆರು ಸಾವಿರ ಪಿಕ್ಸೆಲ್ ಅಗಲದ ಫೈಲು ಕೊನೆಗೆ 1080ಕ್ಕೆ ಇಳಿಯುತ್ತೆ. ಫೈಲಿನ ಬಣ್ಣದ ಸೆಟ್ಟಿಂಗ್ ಅಡೋಬಿ ಆರ್‌ಜಿಬಿ ಇಟ್ಟು ಸೇವ್ ಮಾಡಿದ್ರೆ ಎಷ್ಟೋ ಕಡೆ ಬಣ್ಣ ಸತ್ತ ಹಾಗೆ ಕಾಣುತ್ತೆ, ವೆಬ್‌ನಲ್ಲಿ ಎಲ್ಲಾ ಕಡೆ ನಡೆಯೋ ಎಸ್‌ಆರ್‌ಜಿಬಿಗೆ ಬದಲಾಯಿಸಿಯೇ ಹಾಕ್ಬೇಕು. ವಾಟ್ಸಾಪಲ್ಲಿ ಕಳಿಸೋದಾದ್ರೆ ಡಾಕ್ಯುಮೆಂಟ್ ಆಗಿ ಕಳಿಸಿ. ಸಣ್ಣದು ಮಾಡಿದ ಮೇಲೆ ಶಾರ್ಪ್ ಮಾಡೋವಾಗ ಕೊಂಬಿನ ಸುತ್ತ ಬಿಳೀ ಅಂಚು ಬಂತು ಅಂದ್ರೆ ಅಲ್ಲಿಗೆ ನಿಲ್ಲಿಸಿ. ಇಷ್ಟು ಸಾಕು, ಇದಕ್ಕೆಲ್ಲ ಯೂಟ್ಯೂಬ್ ಇದೆ.

ಗಾಯ ಅಲ್ಲದ ಗಾಯ

ಒಂದ್ಸಲ ನಾಗರಹೊಳೆ ಕಡೆ ತೆಗೆದ ಕಡವೆ ಫೋಟೋ ಹಾಕಿದ್ದೆ. ಕಡವೆ ಕುತ್ತಿಗೆ ಕೆಳಗೆ ಕೆಲವು ಕಾಲದಲ್ಲಿ ಕೂದಲು ಉದುರಿ ಕೆಂಪಗೆ, ಒದ್ದೆ ಒದ್ದೆಯಾಗಿ ಒಂದು ಮಚ್ಚೆ ಕಾಣುತ್ತೆ, ರಕ್ತ ಸೋರ್ತಿದೆ ಅನ್ನಿಸೋ ಹಾಗೆ. ಅದು ಗಾಯ ಅಲ್ಲ, ಕಾಯಿಲೆನೂ ಅಲ್ಲ, ಆ ಜಾತಿಯಲ್ಲಿ ಇರೋದೇ ಹಾಗೆ, ಗಂಡಿಗೂ ಇರುತ್ತೆ ಹೆಣ್ಣಿಗೂ ಇರುತ್ತೆ. ಕಾಮೆಂಟುಗಳಲ್ಲಿ "ಪಾಪ", "ಯಾರಾದ್ರೂ ಇಲಾಖೆಯವರಿಗೆ ಹೇಳಿ", "ಬೇಟೆಗಾರರ ಕೆಲಸ" ಅಂತೆಲ್ಲ ಬಂತು. ಇನ್‌ಬಾಕ್ಸಲ್ಲಿ ಇಬ್ಬರು ಫೋಟೋಗ್ರಾಫರುಗಳು ಒಳ್ಳೇ ಮನಸ್ಸಿಂದಾನೇ "ಅದನ್ನ ಹೀಲ್ ಬ್ರಷಲ್ಲಿ ತೆಗೆದುಬಿಡಿ, ಫ್ರೇಮ್ ಚೆನ್ನಾಗಿದೆ" ಅಂದ್ರು. ಆಗ ಅನ್ನಿಸಿದ್ದು, ಎಲ್ಲಾರೂ ಹಿಂಗೇ ತೆಗೆದು ತೆಗೆದು ಹಾಕಿರೋದ್ರಿಂದ ತಾನೇ ಮಚ್ಚೆ ಇರೋ ಕಡವೆ ನೋಡಿದ ತಕ್ಷಣ ಜನಕ್ಕೆ ಗಾಬರಿ ಆಗೋದು. ಮದಕ್ಕೆ ಬಂದ ಗಂಡು ಜಿಂಕೆ ಕೊಂಬಲ್ಲಿ ನೆಲ, ಪೊದೆ ತಿವಿದು ಹುಲ್ಲು ಸಿಕ್ಕಿಸಿಕೊಂಡು ಓಡಾಡುತ್ತಲ್ಲ, ಅದರದ್ದೂ ಇದೇ ಗತಿ. ಅಷ್ಟು ಶೋಕಿ ಮಾಡ್ಕೊಂಡು ಬಂದಿರೋ ಗಂಡಿನ ಕೊಂಬಿಂದ ಹುಲ್ಲು ಎಳೆದು ಹಾಕಿ ನಾವು ಅದನ್ನ ಶುಚಿ ಮಾಡ್ತೀವಿ.

ಕ್ರಾಪ್‌ಗೆ ಮಾಫಿ

ಸ್ಪರ್ಧೆಗಳಿಗೆ ಕಳಿಸೋರು ಹೇಳ್ತಾರೆ, ನಮ್ಮಲ್ಲಿ ಇದೆಲ್ಲ ನಡೆಯಲ್ಲ, ರೂಲ್ಸ್ ಇದೆ ಅಂತ. ನಿಜ ಇದೆ. ಪಿಎಸ್‌ಎ, ಫಿಯಾಪ್, ಆರ್‌ಪಿಎಸ್ ಅನ್ನೋ ದೊಡ್ಡ ಫೋಟೋಗ್ರಫಿ ಸಂಸ್ಥೆಗಳು ಮೂರೂ ಸೇರಿ 2014ರಲ್ಲಿ ನೇಚರ್ ಫೋಟೋಗ್ರಫಿಗೆ ಒಂದೇ ವ್ಯಾಖ್ಯಾನ ಒಪ್ಕೊಂಡ್ರು, ನಮ್ಮ ಬೆಂಗಳೂರು, ಮೈಸೂರಿನ ಸಲೋನ್‌ಗಳಿಗೆ (ಫೋಟೋ ಸ್ಪರ್ಧೆ-ಪ್ರದರ್ಶನ) ಕಳಿಸೋರಿಗೂ ಅದು ಬಾಯಿಪಾಠ. ಚಿತ್ರದಲ್ಲಿ ಇರೋದನ್ನ ತೆಗೆಯೋ ಹಾಗಿಲ್ಲ, ಇಲ್ಲದ್ದನ್ನ ಸೇರಿಸೋ ಹಾಗಿಲ್ಲ, ಜಾಗ ಬದಲಾಯಿಸೋ ಹಾಗಿಲ್ಲ, ಕ್ರಾಪ್ (ಅಂಚು ಕತ್ತರಿಸೋದು) ಒಂದನ್ನ ಬಿಟ್ಟು. ಮನುಷ್ಯನ ಕೈವಾಡ ಚಿತ್ರದಲ್ಲಿ ಕಾಣಬಾರದು, ಆ ಪ್ರಾಣಿಯ ಕತೆಗೆ ಅದು ಬೇಕೇ ಬೇಕು ಅನ್ನೋ ಹಾಗಿದ್ರೆ ಮಾತ್ರ ಓಕೆ.

ಒಳ್ಳೇ ನಿಯಮ, ನಾನು ಗೌರವಿಸ್ತೀನಿ. ಆದ್ರೆ ಇದರಿಂದ ಏನಾಗುತ್ತೆ ನೋಡಿ. ತಂತಿ ಬೇಲಿ ಅಳಿಸಿದ್ರೆ ತಪ್ಪು, ಬೇಲಿ ಕಾಣದ ಹಾಗೆ ಕ್ರಾಪ್ ಮಾಡಿದ್ರೆ ಸರಿ, ಬೇಲಿ ಕಾಣದ ಹಾಗೆ ಎರಡು ಹೆಜ್ಜೆ ಪಕ್ಕಕ್ಕೆ ಸರಿದು ನಿಂತ್ರೆ ಅದು ಕಲೆ. ಬಂಡೀಪುರದಲ್ಲಿ ಜಿಂಕೆಗಳು ದಟ್ಟವಾಗಿ ಸಿಗೋದು ಗೆಸ್ಟ್‌ಹೌಸು, ಕ್ವಾರ್ಟರ್ಸ್ ಸುತ್ತಮುತ್ತ, ಹೆದ್ದಾರಿ ಪಕ್ಕ. ಜನ ಇರೋ ಕಡೆ ಹುಲಿ, ಕೆನ್ನಾಯಿ ಬರೋದು ಕಮ್ಮಿ, ಅದಕ್ಕೆ ಅವು ರಾತ್ರಿ ಅಲ್ಲೇ ಬಂದು ಮಲಗ್ತವೆ. ಅಂದ್ರೆ ಮನುಷ್ಯನ ಪಕ್ಕ ಬದುಕೋದು ಆ ಜಿಂಕೆಗಳ ಜೀವನದ ದೊಡ್ಡ ಭಾಗ. ನಮ್ಮ ಫೋಟೋಗಳಲ್ಲಿ ಅದು ಎಲ್ಲಿದೆ? 2009ರಿಂದ ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ ಗಾಡಿ ಓಡಾಟ ನಿಂತಿದೆ, ಅದರ ಬಗ್ಗೆ ಇವತ್ತಿಗೂ ಗಲಾಟೆ ಆಗ್ತಾನೇ ಇದೆ, ಆ ರಸ್ತೆ ಕಾಣೋ ಒಂದು ಜಿಂಕೆ ಫೋಟೋ ಇಟ್ಕೊಂಡು ಮಾತಾಡೋಣ ಅಂದ್ರೆ ಹುಡುಕಬೇಕು.

ಇನ್‌ಸ್ಟಾಗ್ರಾಮ್ ಇದಕ್ಕೆ ಇನ್ನೊಂದು ಸೇರಿಸಿದೆ, ಉದ್ದಕ್ಕೆ ನಿಂತ 4:5 ಚೌಕಟ್ಟು. ಫೋನ್ ತುಂಬ ಕಾಣ್ಬೇಕು ಅಂದ್ರೆ ಅಡ್ಡ ಫೋಟೋ ಹಾಕಂಗಿಲ್ಲ. ಜಿಂಕೆ ಹಿಂಡಲ್ಲಿ ಬದುಕೋ ಪ್ರಾಣಿ, ಹಿಂಡು ಅನ್ನೋದು ಅಡ್ಡಕ್ಕೆ ಹರಡಿಕೊಳ್ಳುತ್ತೆ. ಕಬಿನಿ ಹಿನ್ನೀರು ಏಪ್ರಿಲ್, ಮೇ ಹೊತ್ತಿಗೆ ಇಳಿದಾಗ ಹೊರಗೆ ಬೀಳೋ ಆ ಹುಲ್ಲುಗಾವಲಲ್ಲಿ ಕಣ್ಣು ಹಾಯೋ ತನಕ ಜಿಂಕೆ ನಿಂತಿರ್ತವೆ, ಮಧ್ಯೆ ಆನೆ, ಆಚೆ ನೀರು. ಅದನ್ನ 4:5ಕ್ಕೆ ಹಾಕಿ ನೋಡಿ, ಒಂದು ಗಂಡು ಉಳಿಯುತ್ತೆ. ನನ್ನ ಫೀಡಲ್ಲಿ ಬರೋ ಜಿಂಕೆಗಳನ್ನ ಗಮನಿಸ್ತಾ ಬಂದಿದ್ದೀನಿ, ಹೆಚ್ಚಿನವು ಒಂಟಿ, ಹೆಚ್ಚಿನವು ಗಂಡು, ಎಲ್ಲವೂ ಕ್ಯಾಮೆರಾ ಕಡೆ ನೋಡ್ತಿರ್ತವೆ. ಕ್ಯಾಮೆರಾ ಕಡೆ ನೋಡ್ತಿದೆ ಅಂದ್ರೆ ಅದು ಮೇಯೋದು ನಿಲ್ಲಿಸಿದೆ ಅಂತ ಅರ್ಥ. ಹೆಣ್ಣು ಜಿಂಕೆ ಮೇಯೋ ಫೋಟೋ ಯಾರೂ ಹಾಕಲ್ಲ, ಕಾಡಲ್ಲಿ ಮಾತ್ರ ನಮಗೆ ಮುಕ್ಕಾಲು ಪಾಲು ಕಾಣೋದು ಅದೇ.

ಅದಕ್ಕೇ ರಿಮೂವ್ ಬಟನ್ ಮೇಲೆ ನನಗೆ ಅಂಥಾ ಸಿಟ್ಟು ಬರೋದು ನಿಂತಿದೆ. ರಿಮೂವ್ ಮಾಡಿದವನಿಗೆ ತಾನು ತೆಗೆದಿದ್ದೀನಿ ಅಂತಾದ್ರೂ ಗೊತ್ತಿರುತ್ತೆ.

ದೊಡ್ಡಮ್ಮ ಕೇಳಿದ್ದು

ದೊಡ್ಡಮ್ಮನ ಮನೆ ಗುಂಡ್ಲುಪೇಟೆ ಕಡೆ, ಕಾಡಂಚು. ಅಲ್ಲಿಗೆ ಹೋದಾಗ ಗೆಳೆಯನ ಫೋಟೋ ತೋರಿಸಿದೆ, ಏನೂ ಹೇಳದೆ. ಕನ್ನಡಕ ಮೇಲೆತ್ತಿ ಫೋನ್ ದೂರ ಹಿಡಿದು ನೋಡಿ "ಮೈಸೂರು ಝೂದಾ?" ಅಂದ್ರು.

"ಇಲ್ಲ ದೊಡ್ಡಮ್ಮ, ಇಲ್ಲೇ ಬಂಡೀಪುರದ್ದು."

"ಹಂಗಾದ್ರೆ ಪೊದೆ ಎಲ್ಲೋಯ್ತು?"

ನಾನು ಜೋರಾಗಿ ನಕ್ಕುಬಿಟ್ಟೆ, ಅವರಿಗೆ ಯಾಕೆ ಅಂತ ಅರ್ಥ ಆಗ್ಲಿಲ್ಲ. ಆಮೇಲೆ ಅವರು ಹೇಳಿದ್ದು, ಅವರು ಮದುವೆಯಾಗಿ ಬಂದ ಹೊಸದರಲ್ಲಿ ದನ ಹೊಡ್ಕೊಂಡು ಹೋದ್ರೆ ಮರದ ಕೆಳಗೆ ದೂರದ ತನಕ ಕಾಣ್ತಿತ್ತಂತೆ, ಈಗ ಪಕ್ಕದಲ್ಲಿ ಆನೆ ನಿಂತಿದ್ರೂ ಗೊತ್ತಾಗಲ್ಲ. ದನ ಅದನ್ನ ತಿಂದ್ರೆ ಕಾಯಿಲೆ ಬೀಳ್ತವೆ, ಜಿಂಕೆನೂ ಬಾಯಿ ಹಾಕಲ್ಲ. "ಒಳಗೆ ಹುಲ್ಲಿಲ್ಲ, ನಮ್ಮ ಹುರುಳಿ ಹೊಲಕ್ಕೆ ಬರ್ದೆ ಇನ್ನೆಲ್ಲಿಗೋಗ್ತವೆ ಕಣಪ್ಪ" ಅಂದ್ರು, ಜಿಂಕೆ ಮೇಲೆ ಸಿಟ್ಟೂ ಇತ್ತು, ಪಾಪ ಅಂತಾನೂ ಇತ್ತು.

ಬ್ರಿಟಿಷರ ಕಾಲದಲ್ಲಿ ತೋಟದ ಅಂದಕ್ಕೆ ಅಂತ ಅಮೆರಿಕ ಖಂಡದಿಂದ ಬಂದ ಗಿಡ ಇದು. ಹಕ್ಕಿ ಹಣ್ಣು ತಿಂದು ಬೀಜ ಹರಡ್ತವೆ, ಕಡಿದ್ರೆ ಬುಡದಿಂದ ಮತ್ತೆ ಚಿಗುರುತ್ತೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು, ನೆಲದ ಒಣಗಿದೆಲೆ ಸುಡೋಕೆ ವರ್ಷ ವರ್ಷ ಹಾಕ್ತಿದ್ದ ತರಗು ಬೆಂಕಿ ನಿಲ್ಲಿಸಿದ ಮೇಲೆ ಲಂಟಾನ ಹಬ್ಬಿಕೊಂಡಿತು ಅಂತ ಹೇಳ್ತಾ ಬಂದಿದ್ದಾರೆ. ಬೇಸಿಗೇಲಿ ಒಣಗಿ ನಿಂತ ಪೊದೆಗೆ ಬೆಂಕಿ ಬಿದ್ರೆ ಅದು ನೆಲದ ಬೆಂಕಿಯಾಗಿ ಉಳಿಯಲ್ಲ, 2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿ ಉರಿದದ್ದು ನೆನಪಿದೆಯಲ್ಲ. ಮಹದೇಶ್ವರ ಬೆಟ್ಟದ ಕಡೆ ಇದೇ ಕಡ್ಡಿಯಿಂದ ಕುರ್ಚಿ, ಆನೆ ಗೊಂಬೆ ಮಾಡ್ತಾರೆ, ಒಳ್ಳೇದು, ಆದ್ರೆ ಎಷ್ಟು ಕುರ್ಚಿ ಮಾಡೋಕಾಗುತ್ತೆ. ಅಂದ್ರೆ ಇವತ್ತು ಚುಕ್ಕೆ ಜಿಂಕೆ ಬಗ್ಗೆ ಒಂದೇ ಒಂದು ವಿಷಯ ಹೇಳಿ ಅಂದ್ರೆ ಹೇಳಬೇಕಾದದ್ದು ಲಂಟಾನ, ನಾವು ಹಿಡ್ಕೊಂಡು ಹಿಡ್ಕೊಂಡು ಅಳಿಸ್ತಿರೋದೂ ಅದನ್ನೇ.

ಪಿಕ್ಸೆಲ್ ಮುಟ್ಟದೆ ಮಾಡೋ ಎಡಿಟಿಂಗ್

ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು, ಮೂರು ಚೀತಾಗಳು ಹಿಡಿದಿರೋ ಜಿಂಕೆ, ಒಂಚೂರೂ ಒದ್ದಾಡದೆ ನೆಟ್ಟಗೆ ನೋಡ್ತಾ ನಿಂತಿರುತ್ತೆ, ಕೆಳಗೆ ಒಂದು ಕತೆ, ತಾಯಿ ಜಿಂಕೆ ಮರಿಗಳನ್ನ ಓಡಿಸಿ ತಾನು ಬಲಿಯಾಯ್ತು, ಇದನ್ನ ತೆಗೆದ ಫೋಟೋಗ್ರಾಫರ್ ಡಿಪ್ರೆಷನ್‌ಗೆ ಹೋದ್ರು ಅಂತ. ಆ ಚಿತ್ರ ಆಲಿಸನ್ ಬುಟಿಜಿಜ್ ಅನ್ನೋರು 2013ರಲ್ಲಿ ಕೀನ್ಯಾದ ಮಸಾಯಿ ಮಾರಾದಲ್ಲಿ ತೆಗೆದದ್ದು, ಅದು ಇಂಪಾಲ, ಲೆಕ್ಕಕ್ಕೆ ಜಿಂಕೆ ಕುಟುಂಬಾನೂ ಅಲ್ಲ. ತಾಯಿ ಚೀತಾ ತನ್ನ ಬೆಳೆದ ಮರಿಗಳಿಗೆ ಬೇಟೆ ಕಲಿಸ್ತಿತ್ತು ಅಷ್ಟೇ. 2017ರಲ್ಲಿ ಈ ಕತೆ ಅಂಟ್ಕೊಂಡು ಓಡೋಕೆ ಶುರುವಾದಾಗ ಅವರೇ ಇದು ಸುಳ್ಳು, ನನಗೇನೂ ಆಗಿಲ್ಲ ಅಂತ ಹೇಳ್ಬೇಕಾಯ್ತು. ನಮ್ಮ ಗ್ರೂಪಿಗೆ ಮಾತ್ರ ಇವತ್ತಿಗೂ ಬರುತ್ತೆ, ಕನ್ನಡದಲ್ಲಿ, ತಾಯಂದಿರ ದಿನಕ್ಕೆ ತಪ್ಪದೇ. ಹುಲಿ ಮುಂದೆ ನಿಂತು ಮಾತು ಉಳಿಸಿಕೊಂಡ ಹಸುವಿನ ಕತೆ ಕೇಳ್ಕೊಂಡು ಬೆಳೆದ ನಮಗೆ ಇದನ್ನ ನಂಬೋದು ಎಷ್ಟು ಸುಲಭ. ಆ ಇಂಪಾಲ ಹೆದರಿಕೆಗೆ ಮರಗಟ್ಟಿ ನಿಂತಿತ್ತು ಅನ್ನೋದು ಯಾರಿಗೂ ಬೇಡ. ಒಂದು ಪಿಕ್ಸೆಲ್ ಕೂಡ ಯಾರೂ ಮುಟ್ಟದೆ ಪೂರ್ತಿ ಚಿತ್ರ ಬದಲಾಗಿ ಹೋಯ್ತು.

ಕ್ಯಾಪ್ಶನ್‌ಗೆ ಅಷ್ಟು ಶಕ್ತಿ ಇದ್ರೆ ಅದನ್ನ ಈ ಕಡೆಗೂ ಬಳಸಬಹುದು ಅನ್ನಿಸ್ತು. ಈಗ ನಾನು ಹಾಕೋವಾಗ ಎರಡು ಹಾಕ್ತೀನಿ, ಮೊದಲನೇದು ಕ್ರಾಪ್ ಮಾಡಿದ್ದು, ಸ್ವೈಪ್ ಮಾಡಿದ್ರೆ ಪೂರ್ತಿ ಫ್ರೇಮು, ಪೊದೆ, ದಾರಿ, ಬೇರೆ ಜೀಪು ಏನಿದೆಯೋ ಅದೆಲ್ಲ. ಕೆಳಗೆ ತಿಂಗಳು ಬರೀತೀನಿ, ಕೊಂಬು ಯಾವ ಹಂತದಲ್ಲಿದೆ ಬರೀತೀನಿ, ಹಿಂದೆ ಇರೋದು ಲಂಟಾನ ಅಂತಾನೂ ಬರೀತೀನಿ. ಲೈಕು ಕಮ್ಮಿಯಾಗಿದೆ, ಸುಳ್ಳು ಯಾಕೆ ಹೇಳ್ಲಿ. ಗೆಳೆಯ "ಪಾಠ ಮಾಡ್ಬೇಡ ಗುರೂ" ಅಂತ ಕಾಲೆಳೀತಾನೆ, ಆದ್ರೆ ಹೋದ ತಿಂಗಳು ಅವನೂ ಒಂದು ಗಂಡನ್ನ ಕೊಂಬಿನ ಹುಲ್ಲು ಸಮೇತ ಹಾಕಿದ್ದ.

ಮೊನ್ನೆ ಆ ಮಾರ್ಚ್ ಸಂಜೆಯ ನನ್ನ ಫ್ರೇಮು ಹಾಕಿದೆ, ಚರ್ಮ ನೇತಾಡ್ತಿರೋದು, ಹೆಣ್ಣುಗಳು, ಮರಿ, ಸುತ್ತ ಪೊದೆ ಎಲ್ಲ ಸೇರಿ. ಮೊದಲನೇ ಕಾಮೆಂಟ್ ಒಬ್ಬ ಹೆಣ್ಣುಮಗಳದ್ದು: "ಸೂಪರ್ ಸರ್. ಹಿಂದೆ ಇರೋ ಆರೆಂಜ್ ಪಿಂಕ್ ಹೂವಿನ ಗಿಡ ತುಂಬ ಚೆನ್ನಾಗಿದೆ, ಬಾಲ್ಕನಿಯಲ್ಲಿ ಪಾಟಲ್ಲಿ ಬೆಳೆಯುತ್ತಾ? ನರ್ಸರಿಯಲ್ಲಿ ಸಿಗುತ್ತಾ?"

ಸಿಗುತ್ತೆ ಮೇಡಂ ಅಂತ ಬರೆದೆ, ಮಾರ್ತಾರೆ, ಅದೇ ತೊಂದರೆ.